ಹೊಸ ನೀರಿಗೆ ಏರುವ ಗೆಂಡೆ

ತುಮಕೂರಿನ ಸೀಮೆಗೆ ಮಳೆಗಾಲವು ಮಲೆನಾಡಿಗೆ ಬರುವಂತೆ ಮೃಗಶಿರೆ, ಆರಿದ್ರೆಗಳಲ್ಲಿ ಬರುವುದಿಲ್ಲ. ಜ್ಯೇಷ್ಠ, ಆಷಾಢಗಳಲ್ಲಿ ಪಡುವಣದಿಂದ ಏರಿ ಬರುವ ಮೋಡಗಳು ತಮ್ಮ ಭಾರವನ್ನು ಸಹ್ಯಾದ್ರಿಯ ನೆತ್ತಿಯ ಮೇಲೆಯೇ ಇಳಿಸಿ, ಹಗುರಾಗಿ, ಇಲ್ಲಿಯ ಹೊಲಗಳ ಮೇಲೆ ಬರಿಯ ನೆರಳನ್ನು ಎಳೆದುಕೊಂಡು ಸಾಗಿಬಿಡುತ್ತವೆ; ಗುಬ್ಬಿ, ಕುಣಿಗಲ್ಲುಗಳ ಕೆರೆಗಳಿಗೆ ನಿಜವಾದ ನೀರನ್ನು ತರುವವು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳು, ಎಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಮಳೆಗಳು. ಹೀಗೆ ತಡವಾಗಿ ಬಿದ್ದ ಆ ನೀರು ಹೋಗುವ ದಾರಿಯೂ ವಿಚಾರಾರ್ಹವಾದದ್ದೇ. ತುಮಕೂರು ನಗರದ ಪೂರ್ವಕ್ಕೆ ನಿಂತಿರುವ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಒಂದೇ ಮುಗಿಲಿನಿಂದ ಇಳಿದ ಮಳೆಯಲ್ಲಿ ಒಂದು ಪಾಲು ಜಯಮಂಗಲಿಯಾಗಿ ಉತ್ತರಾಭಿಮುಖವಾಗಿ ಹರಿದು ಉತ್ತರ ಪಿನಾಕಿನಿಯನ್ನು ಕೂಡಿಕೊಂಡರೆ, ಮತ್ತೊಂದು ಪಾಲು ಶಿಂಷೆಯೆಂಬ ಹೆಸರನ್ನು ತಾಳಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯದಲ್ಲಿ ತಂಗಿ, ಮದ್ದೂರನ್ನು ಹಾದು ಕೊನೆಗೆ ಕಾವೇರಿಯಲ್ಲಿ ಲೀನವಾಗುತ್ತದೆ. ಈ ಎರಡು ಹರಿವುಗಳ ನಡುವೆ, ಅವುಗಳಿಗೆ ಕೂಡಿಬರುವ ಅಸಂಖ್ಯಾತವಾದ ಹಳ್ಳಗಳಿಗೆ ಅಡ್ಡಲಾಗಿ, ನಮ್ಮ ಪೂರ್ವಿಕರು ಮಣ್ಣಿನ ಏರಿಗಳನ್ನು ಹಾಕಿ ನಿಲ್ಲಿಸಿದ ನೀರೇ ಇಂದು ನಮ್ಮ ಕಣ್ಣಿಗೆ ಕಾಣುವ ಕೆರೆ, ಕಟ್ಟೆ, ಕುಂಟೆಗಳು.

ಇಂತಹ ಕೆರೆಯೊಂದಕ್ಕೆ, ಅದೂ ಮುನ್ನ ಎಂದೂ ಕಂಡರಿಯದ ಕೆರೆಗೆ, ಮಳೆ ಹಿಡಿದ ದಿನದಲ್ಲಿ ಗಾಳವನ್ನು ಹಿಡಿದುಕೊಂಡು ಗೆಂಡೆಮೀನಿಗಾಗಿ ಹೋಗುವವನು ಎರಡು ಸಂಗತಿಗಳನ್ನು ಬಲ್ಲವನಾಗಿರಬೇಕು: ಆ ಕೆರೆಗೆ ನೀರು ಎತ್ತಣಿಂದ ಬರುತ್ತದೆ ಎಂಬುದೊಂದು, ಮೀನು ಎತ್ತಣಿಂದ ಬಂದಿತು ಎಂಬುದು ಮತ್ತೊಂದು. ಮೊದಲನೆಯದನ್ನು ತಿಳಿದವನಿಗೆ ಮೀನು ಸಿಕ್ಕುವ ಸಂಭವ ಹೆಚ್ಚು. ಎರಡನೆಯದನ್ನೂ ತಿಳಿದವನಿಗಾದರೋ ಸಿಕ್ಕ ಮೀನನ್ನು ಏನು ಮಾಡಬೇಕೆಂಬ ವಿವೇಕವೂ ಬರುತ್ತದೆ. ನಾನು ಈ ಲೇಖನವನ್ನು ಬರೆಯಲು ಕಾರಣವಾದದ್ದು ಮುಖ್ಯವಾಗಿ ಈ ಎರಡನೆಯ ಸಂಗತಿಯೇ.

ಈ ಸೀಮೆಯ ಕೆರೆಗಳು ಮನುಷ್ಯನು ಕಟ್ಟಿದವುಗಳಾದ್ದರಿಂದ, ಕೆರೆ ಎಷ್ಟೇ ಅಪರಿಚಿತವಾಗಿರಲಿ, ಅದರ ಅಂಗಗಳು ಅಪರಿಚಿತವಾಗಿರುವುದಿಲ್ಲ. ಏರಿಯ ಮೇಲೆ ನಿಂತು ನೋಡಿದರೆ, ಕಾಲಿನ ಬುಡದಲ್ಲಿ, ತೂಬಿನ ಆಸುಪಾಸಿನಲ್ಲಿ, ನೀರು ಅತ್ಯಂತ ಆಳ. ಏರಿಯ ಯಾವುದಾದರೊಂದು ತುದಿಯಲ್ಲಿ, ಕಲ್ಲುಕಟ್ಟಡದ ಅಥವಾ ಬಂಡೆಯ ಮೇಲಿನ ಕೋಡಿ. ಎದುರು ದಿಕ್ಕಿನಲ್ಲಿ ದೂರಕ್ಕೆ ಹರಡಿಕೊಂಡಿರುವುದು ಕೆರೆಯ ಅಂಗಳ. ಆ ಅಂಗಳದ ಮೂಲೆಯಲ್ಲೆಲ್ಲೋ, ಹೊಂಗೆ, ಈಚಲು, ಲಂಟಾನಗಳ ಮರೆಯಲ್ಲಿ, ಹಳ್ಳದ ಬಾಯಿ. ಕೆರೆಯನ್ನು ಕಟ್ಟುವುದಕ್ಕೆ ಮೊದಲು ಆ ಹಳ್ಳವು ಹರಿಯುತ್ತಿದ್ದ ಪಾತ್ರವು ಈಗಲೂ ನೀರಿನ ತಳದಲ್ಲಿ ತಗ್ಗಾದ ಗೆರೆಯಾಗಿ ಅಂಗಳದಿಂದ ತೂಬಿನವರೆಗೆ ಬಹುಮಟ್ಟಿಗೆ ಉಳಿದಿರುತ್ತದೆ. ಬಿಸಿಲುಗಾಲದಲ್ಲಿ ಗೆಂಡೆಗಳು ಮಲಗುವುದೂ, ಮಳೆ ಬಂದಾಗ ಮೇಲಕ್ಕೆ ಸಂಚರಿಸುವುದೂ ಈ ಗೆರೆಯನ್ನೇ ಹಿಡಿದು. ಅಂಗಳದಲ್ಲಿ ಸಾಲುಸಾಲಾಗಿ ನೆಟ್ಟ ಕರಿಜಾಲಿಯ ಮರಗಳು ಅರ್ಧ ಮುಳುಗಿ ನಿಂತಿದ್ದರೆ, ಅಲ್ಲಿ ಮೀನುಂಟು, ಆದರೆ ದಾರ ಉಳಿಯುವುದಿಲ್ಲ ಎಂದು ತಿಳಿಯಬೇಕು. ಇಟ್ಟಿಗೆಗೂ ಹೊಲಗಳಿಗೂ ಮಣ್ಣನ್ನು ತೋಡಿಕೊಂಡು ಹೋದ ಗುಂಡಿಗಳು ಎಲ್ಲಿವೆಯೆಂಬುದು ಮಾತ್ರ ಏರಿಯ ಮೇಲಿನಿಂದ ತಿಳಿಯುವಂತಹುದಲ್ಲ. ಮೊಣಕಾಲುದ್ದದ ನೀರೆಂದು ಕಾಲಿಟ್ಟಲ್ಲಿ ಎರಡಾಳುದ್ದದ ಹೊಂಡವಿರುವುದು ಈ ಕಡೆಯ ಕೆರೆಗಳಲ್ಲಿ ಅಪೂರ್ವವೇನೂ ಅಲ್ಲವಾದ್ದರಿಂದ, ಹೊಸಬನು ನೀರಿಗೆ ಇಳಿಯದೆ ದಡದಲ್ಲಿಯೇ ನಿಲ್ಲತಕ್ಕದ್ದು.

ಕೆರೆ ಯಾರದೆಂಬುದನ್ನೂ ಕೇಳಿಕೊಳ್ಳಬೇಕು. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೂ, ಚಿಕ್ಕವುಗಳದನ್ನು ಗ್ರಾಮ ಪಂಚಾಯಿತಿಯೂ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿದವರು, ಅದು ಸಹಕಾರ ಸಂಘವಾಗಲಿ ಊರಿನ ನಾಲ್ಕು ಜನ ಹುಡುಗರಾಗಲಿ, ಕೈಯಿಂದ ಹಣ ಹಾಕಿ ಬಿತ್ತನೆಮರಿಗಳನ್ನು ತಂದು ಬಿಟ್ಟಿರುತ್ತಾರೆ. ಅವರಿಗೆ ಒಂದು ಮಾತನ್ನು ಹೇಳಿ ಅಪ್ಪಣೆ ಪಡೆಯದೆ ಗಾಳವನ್ನು ಹಾಕುವುದು ಅನ್ಯರ ತೋಟದ ಕಾಯಿಯನ್ನು ಕೀಳುವುದಕ್ಕೆ ಸಮಾನವೆಂದೇ ನನ್ನ ಅಭಿಪ್ರಾಯ.

ಈಚೆಗೆ ಉತ್ತರೆಯ ಮಳೆ ಹಿಡಿದಿದ್ದಾಗ, ಗುಬ್ಬಿಯಿಂದ ಕುಣಿಗಲ್ಲಿನ ಕಡೆಗೆ ಹೋಗುವ ಒಳದಾರಿಯೊಂದರಲ್ಲಿ, ತೆಂಗು ಅಡಕೆಗಳ ತೋಟಗಳ ಸಂದಿನಿಂದ ಥಟ್ಟನೆ ಕಾಣಿಸಿಕೊಂಡ ಒಂದು ಕೆರೆಯ ಬಳಿ ನಿಂತೆ. ಹಿಂದಿನ ರಾತ್ರಿ ಜೋರಾಗಿ ಸುರಿದಿದ್ದ ಮಳೆ ಬೆಳಗಿನ ವೇಳೆಗೆ ಸಣ್ಣ ಸೋನೆಯಾಗಿತ್ತು. ಏರಿಯ ಮೇಲೆ ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು ತೂಬಿನ ಕಡೆಗೆ ನೋಡುತ್ತ ನಿಂತಿದ್ದ ವೃದ್ಧರೊಬ್ಬರು, ಆ ಕೆರೆಯ ನೀರುಗಂಟಿಯ ಕೆಲಸವನ್ನು ಮಾಡಿದವರೆಂದು ಆಮೇಲೆ ತಿಳಿಯಿತು, ನನ್ನ ಕೈಯಲ್ಲಿದ್ದ ಗಾಳದ ಕಡ್ಡಿಯನ್ನು ಕಂಡು ತಾವಾಗಿಯೇ ಮಾತನಾಡಿಸಿದರು.

“ಎಲ್ಲಿಂದ ಬಂದ್ರಿ ಸ್ವಾಮಿ?”

“ತುಮಕೂರಿಂದ, ಯಜಮಾನ್ರೆ. ಗೆಂಡೆಗೆ ಗಾಳ ಹಾಕೋಣ ಅಂತ. ಗುತ್ತಿಗೆ ಯಾರದು?”

“ನಮ್ಮೂರ್ ಹುಡುಗ್ರುದೇ. ಗಾಳಕ್ಕೆ ಯಾರೂ ಏನೂ ಅನ್ನಲ್ಲ, ಬಲೆ ಬಿಟ್ರೇನೇ ತಕರಾರು. ಒಂದ್ ಮಾತು ಹೇಳ್ಬುಟ್ಟು ಕುಂತ್ಕಳಿ. ಆದ್ರೆ ಏರಿ ಮ್ಯಾಲೆ ಕುಂತ್ರೆ ಇವತ್ತು ಒಂದೂ ಮುಟ್ಟಲ್ಲ. ರಾತ್ರಿ ಹಳ್ಳ ಬಂದೈತೆ. ಎಲ್ಲಾ ಆ ಕಡೀಕೆ ಹತ್ತವೆ. ಹಳ್ಳದ ಬಾಯಿಗೆ ಹೋಗಿ.”

ಆ ಯಜಮಾನರು ಎರಡು ಮಾತಿನಲ್ಲಿ ಹೇಳಿದುದನ್ನು ಮತ್ಸ್ಯಶಾಸ್ತ್ರಜ್ಞರು ಹೇಗೆ ವಿವರಿಸುತ್ತಾರೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬಹುದು. ಮೋಡ ಕವಿದು ಗಾಳಿಯಿಲ್ಲದೆ ಬಿಗಿದುಕೊಂಡಿರುವ ದಿನಗಳಲ್ಲಿ ಕೆರೆಯ ಪಾಚಿ, ಜೊಂಡುಗಳಿಗೆ ಬಿಸಿಲು ಸಾಲದೆ ಅವು ಬಿಡುಗಡೆ ಮಾಡುವ ಆಮ್ಲಜನಕವು ಕಡಮೆಯಾಗುತ್ತದೆ. ಇರುಳೆಲ್ಲ ಅವೇ ಗಿಡಗಳೂ ತಳದ ಕೆಸರೂ ಮೀನುಗಳೂ ಇದ್ದ ಆಮ್ಲಜನಕವನ್ನು ಬಳಸಿಕೊಂಡುಬಿಡುವುದರಿಂದ, ಬೆಳಗಿನ ಜಾವಕ್ಕೆ ಗೆಂಡೆಗಳು ಮೇಲಕ್ಕೆ ಬಂದು ಬಾಯಿಯನ್ನು ತೆರೆದು ಏದುಸಿರು ಬಿಡುವುದನ್ನು ಮೀನು ಸಾಕುವವರೆಲ್ಲ ಬಲ್ಲರು. ಅಂತಹ ಹೊತ್ತಿನಲ್ಲಿ ಅವಕ್ಕೆ ಆಹಾರದ ಮೇಲೆ ಮನಸ್ಸಿರುವುದಿಲ್ಲ. ಎಂತಹ ಎರೆಯನ್ನು ಒಡ್ಡಿದರೂ ಮೂಸಿ ನೋಡುವುದಿಲ್ಲ. ಮಳೆ ಹನಿದು, ಗಾಳಿ ಬೀಸಿ, ಮೇಲಿನ ನೀರು ಕಲಕಿದಾಗ ಪರಿಸ್ಥಿತಿ ಬದಲಾಗುತ್ತದೆ. ಕಲ್ಲಿನಿಂದ ಕಲ್ಲಿಗೆ ಧುಮುಕಿ ಗಾಳಿಯನ್ನು ಬೆರೆಸಿಕೊಂಡು ಬರುವ ಹಳ್ಳದ ನೀರಿನಲ್ಲಿ ಆಮ್ಲಜನಕವು ಸಮೃದ್ಧವಾಗಿರುತ್ತದೆ. ಅದರೊಡನೆ ಹೊಲಗದ್ದೆಗಳಿಂದ ಕೊಚ್ಚಿಬಂದ ಎರೆಹುಳು, ಗೆದ್ದಲು, ಕಾಳುಗಳು ಯಥೇಚ್ಛವಾಗಿ ಒದಗುತ್ತವೆ. ಈ ಹೊಸ ನೀರು ಕೆರೆಯ ನೀರಿಗಿಂತ ತಣ್ಣಗೂ, ಮಣ್ಣು ಬೆರೆತು ತೂಕವಾಗಿಯೂ ಇರುವುದರಿಂದ, ಅದು ಮೇಲೆ ಹರಡಿಕೊಳ್ಳದೆ, ಬಾಯಿಯಿಂದ ಸ್ವಲ್ಪ ದೂರ ಬಂದೊಡನೆ ಹಳೆಯ ನೀರಿನ ಕೆಳಗೆ ಜಾರಿ ತಳವನ್ನು ಹಿಡಿದು ಸಾಗುತ್ತದೆ.

ಹಳ್ಳದ ಬಾಯಿಯಲ್ಲಿ ನಾನು ಕಂಡದ್ದು ಈ ಜಾರುವಿಕೆಯ ಗೆರೆಯನ್ನೇ. ಒಂದು ಕಡೆ ಗುಬ್ಬಿಯ ಕೆಮ್ಮಣ್ಣನ್ನು ಕರಗಿಸಿಕೊಂಡು ಬಂದ ಕೆನ್ನೀರು, ಇನ್ನೊಂದು ಕಡೆ ಕೆರೆಯ ಪಾಚಿಗಟ್ಟಿದ ಹಸುರು ನೀರು. ಎರಡೂ ಸಂಧಿಸುವೆಡೆಯಲ್ಲಿ ತರಗು, ಕಡ್ಡಿ, ನೊರೆ, ಅಡಕೆಯ ಹಾಳೆಯ ಚೂರುಗಳು ಸಾಲಾಗಿ ನಿಂತು, ಬಿಲ್ಲಿನಾಕಾರದ ಒಂದು ಎಲ್ಲೆಯನ್ನು ಬರೆದಿದ್ದವು. ಆ ಎಲ್ಲೆಯ ಈಚೆಗೆ, ಹಸುರು ನೀರಿನಲ್ಲಿ, ಆಗಾಗ ನೆಲದಿಂದ ಗುಳ್ಳೆಗಳು ಗೊಂಚಲಾಗಿ ಏರಿ ಒಡೆಯುತ್ತಿದ್ದವು. ಬಾಯಿಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ ಕೆಸರನ್ನು ಹೀರಿ, ತಿನ್ನಲು ಯೋಗ್ಯವಾದುದನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಉಗುಳುವುದು ಗೆಂಡೆಯ ಊಟದ ಕ್ರಮ. ಅದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಹೊಟ್ಟೆಯಲ್ಲಿ ಜಠರವೆಂಬ ಚೀಲವಿಲ್ಲದೆ ನೇರವಾಗಿ ಕರುಳೇ ಇರುವುದರಿಂದ ಅದು ಒಮ್ಮೆಗೆ ಹೊಟ್ಟೆ ಬಿರಿಯ ತಿಂದು ಸುಮ್ಮನಿರಲಾರದೆ, ಮೇಯುತ್ತಲೇ ಇರಬೇಕಾಗುತ್ತದೆ. ಗುಳ್ಳೆಗಳು ಅಂತಹ ಮೇವಿನ ಕುರುಹು.

ರಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ತಿರುವಿ, ಕಡಲೆಕಾಯಿ ಹಿಂಡಿಯ ಪುಡಿಯನ್ನು ಬೆರೆಸಿ, ಮಳೆನೀರಿಗೆ ಬೇಗ ಕರಗದಂತೆ ಹತ್ತಿಯ ನಾಲ್ಕು ಎಳೆಗಳನ್ನು ಸೇರಿಸಿ ನಾದಿಕೊಂಡಿದ್ದ ಉಂಡೆ ನನ್ನ ಬಳಿ ಇತ್ತು. ಅದರಲ್ಲಿ ಗೋಲಿಯಷ್ಟನ್ನು ಕೊಕ್ಕೆಗೆ ಮೆತ್ತಿ, ನವಿಲುಗರಿಯ ದಂಟಿನ ಬೆಂಡನ್ನು ಆಳಕ್ಕೆ ತಕ್ಕಂತೆ ಸರಿಸಿ, ಎಲ್ಲೆಯಿಂದ ಒಂದು ಮಾರು ಈಚೆಗೆ ಬಿಟ್ಟೆ. ಮಳೆಯ ದಿನದಲ್ಲಿ ಗಾಳದವನಿಗೆ ದೊರೆಯುವ ದೊಡ್ಡ ಅನುಕೂಲವೆಂದರೆ, ನೀರಿನ ಮೈಯೆಲ್ಲ ಹನಿಗಳಿಂದ ಒಡೆದಿರುವುದರಿಂದ ದಡದ ಮೇಲಿನ ಮನುಷ್ಯಾಕೃತಿಯು ಮೀನಿನ ಕಣ್ಣಿಗೆ ಸ್ಪಷ್ಟವಾಗಿ ಬೀಳದಿರುವುದು. ಕಿವಿಯ ವಿಷಯದಲ್ಲಿ ಈ ಅನುಕೂಲವಿಲ್ಲ. ಗೆಂಡೆಯ ಜಾತಿಯ ಮೀನುಗಳಲ್ಲಿ ಗಾಳಿಚೀಲದಿಂದ ಒಳಗಿವಿಯವರೆಗೆ ಸಣ್ಣ ಮೂಳೆಗಳ ಸರಪಣಿಯೊಂದಿದ್ದು, ನೀರಿನ ಕಂಪನಗಳನ್ನು ಅದು ಬಹು ಸೂಕ್ಷ್ಮವಾಗಿ ಮುಟ್ಟಿಸುತ್ತದೆ. ನೆನೆದ ದಡದಲ್ಲಿ ಹೆಜ್ಜೆಯನ್ನು ಧಪ್ಪೆಂದು ಊರಿದರೆ ಆ ದಿನದ ಬೇಟೆ ಅಲ್ಲಿಗೆ ಮುಗಿಯಿತು. ಗುಡುಗು ಕೇಳಿಸಿದೊಡನೆ ಮಾತ್ರ ಯಾವ ಮೀನಿನ ಆಸೆಯನ್ನೂ ಇಟ್ಟುಕೊಳ್ಳದೆ ಎದ್ದುಬಿಡಬೇಕು: ಈಗ ಅಂಗಡಿಗಳಲ್ಲಿ ಮಾರುವ ಕಾರ್ಬನ್ ಫೈಬರಿನ ಕಡ್ಡಿಗಳು ವಿದ್ಯುದ್ವಾಹಕಗಳು, ಬಯಲಿನಂತಹ ಕೆರೆಯಂಗಳದಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುವುದು ಸಿಡಿಲನ್ನು ಕರೆಯುವ ಕೆಲಸ.

ಬೆಂಡು ಮೊದಲು ನಡುಗಿತು. ಅನಂತರ ಮುಳುಗದೆ, ಮೇಲಕ್ಕೆದ್ದು ನೀರಿನ ಮೇಲೆ ಅಡ್ಡವಾಗಿ ಮಲಗಿತು. ಕೆಳಗಿನ ಸೀಸದ ಗುಂಡಿನ ಸಮೇತ ಎರೆಯನ್ನು ಮೀನು ಎತ್ತಿಕೊಂಡಿತೆಂಬುದಕ್ಕೆ ಅದೇ ಗುರುತು. ಕಡ್ಡಿಯನ್ನು ಎತ್ತಿ ಹಿಡಿದಾಗ ಅದು ಓಡಿದ ದಿಕ್ಕನ್ನು ನಾನು ಗಮನಿಸಿದೆ: ಭಯಗೊಂಡ ಮೀನು ಆಳಕ್ಕೆ, ತೂಬಿನ ಕಡೆಗೆ, ಧಾವಿಸಬೇಕಾದದ್ದು ಸಹಜ, ಇದು ಕೆನ್ನೀರಿನೊಳಕ್ಕೆ, ಹಳ್ಳದ ರಭಸಕ್ಕೆ ಎದುರಾಗಿ ನುಗ್ಗಿತು. ಬಹಳ ಹೊತ್ತು ಎಳೆದಾಡಿದ ಮೇಲೆ ದಡದ ಗರಿಕೆಯ ಮೇಲೆ ಬಂದು ಮಲಗಿದುದು ಎರಡು ಕಿಲೋ ದಾಟಿದ ರೋಹು. ಅದರ ಒಂದೊಂದು ಹುರುಪೆಯ ಅಂಚಿನಲ್ಲಿಯೂ ಕೆಂಪಾದ ಅರ್ಧಚಂದ್ರದ ಛಾಯೆ, ಈಜುರೆಕ್ಕೆಗಳಲ್ಲಿ ನಸುಗೆಂಪು, ಕೆಳದುಟಿಯ ಅಂಚಿಗೆ ಜಾಲರಿಯಂತಹ ಮಡಿಕೆ. ಹೊಟ್ಟೆ ಮೆತ್ತಗೆ ಉಬ್ಬಿತ್ತು, ಹೆಣ್ಣು, ತತ್ತಿ ತುಂಬಿತ್ತು.

ಈ ಮೀನು ಎಲ್ಲಿಗೆ ಹೋಗುತ್ತಿತ್ತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದಾಗ ನಮ್ಮ ಕೆರೆಗಳ ಮೀನಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಮಹಾಗೆಂಡೆಗಳು, ನಮ್ಮ ಕೆರೆಗಳಲ್ಲಿ ಸಾಕುವ ತಳಿಯ ಮಟ್ಟಿಗೆ ಹೇಳುವುದಾದರೆ, ಗಂಗಾ ಬಯಲಿನ ನದಿಗಳ ಸಂತಾನ. ಕಾಟ್ಲಾ ಮೇಲ್ಮುಖವಾದ ದೊಡ್ಡ ಬಾಯಿಯಿಂದ ಮೇಲಿನ ನೀರಿನ ಸೂಕ್ಷ್ಮಜೀವಿಗಳನ್ನೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಆಹಾರವನ್ನು ಹುಡುಕುವುದರಿಂದ, ಒಂದೇ ಕೆರೆಯಲ್ಲಿ ಮೂರನ್ನೂ ಕಲಹವಿಲ್ಲದೆ ಬೆಳೆಸಬಹುದು. ಗಾಳದವನು ಬೆಂಡನ್ನು ಏರಿಸಿ ಇಳಿಸುವುದೂ ಈ ವ್ಯವಸ್ಥೆಗೆ ಅನುಗುಣವಾಗಿಯೇ. ಆದರೆ ಈ ಮೂರೂ ನಿಂತ ನೀರಿನಲ್ಲಿ ಸಂತಾನವನ್ನು ಪಡೆಯಲಾರವು. ಮುಂಗಾರಿನ ಪ್ರವಾಹದಿಂದ ನದಿ ದಂಡೆಯನ್ನು ಮೀರಿ, ಹುಲ್ಲುಗಾವಲುಗಳ ಮೇಲೆ ಹೊಸ ನೀರು ತೆಳುವಾಗಿ ಹರಿಯುವಾಗ ಮಾತ್ರ ಅವು ಎದುರೇರಿ ಹೋಗಿ ತತ್ತಿಯಿಡುತ್ತವೆ. ಕೆರೆಯಲ್ಲಿ ಬೆಳೆದ ಹೆಣ್ಣು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಪ್ರಾಯಕ್ಕೆ ಬಂದು ಲಕ್ಷಗಟ್ಟಲೆ ತತ್ತಿಗಳನ್ನು ಹೊತ್ತುಕೊಂಡರೂ, ಹರಿವಿನ ಪ್ರಚೋದನೆ ಸಾಲದೆ ಅವುಗಳನ್ನು ಹೊರಬಿಡಲಾರದೆ ಹೋಗುತ್ತದೆ. ಋತು ಕಳೆದ ಮೇಲೆ ಆ ತತ್ತಿಗಳು ಅದರ ಮೈಯಲ್ಲಿಯೇ ಕರಗಿಹೋಗುತ್ತವೆ.

ಆದಕಾರಣ ಒಂದು ಕಾಲದಲ್ಲಿ ಈ ಮೀನುಗಳನ್ನು ಬೆಳೆಸಬೇಕೆಂಬವರು ವಂಗದೇಶದ ನದಿಗಳಲ್ಲಿ ಪ್ರವಾಹಕಾಲದಲ್ಲಿ ಬಲೆಯೊಡ್ಡಿ ಹಿಡಿದ ಮರಿಗಳನ್ನೇ ನೆಚ್ಚಿಕೊಂಡಿರಬೇಕಾಗಿತ್ತು. ಅಲ್ಲಿಯೇ, ಬಾಂಕುರಾ, ಮಿಡ್ನಾಪುರ ಜಿಲ್ಲೆಗಳಲ್ಲಿ, ಇಳಿಜಾರಿಗೆ ಅಡ್ಡಲಾಗಿ ಹಾಕಿದ ಕಟ್ಟೆಗಳಿಗೆ ಮಳೆಯ ನೀರು ರಭಸದಿಂದ ನುಗ್ಗಿದಾಗ ಮಾತ್ರ ಗೆಂಡೆಗಳು ಮರಿಮಾಡುತ್ತವೆಂಬುದನ್ನು ಜನರು ಕಂಡುಕೊಂಡಿದ್ದರು. ಇದಕ್ಕೆ ಶಾಸ್ತ್ರೀಯವಾದ ಪರಿಹಾರ ದೊರೆತದ್ದು ಒರಿಸ್ಸಾದ ಅಂಗುಲ್ ಎಂಬಲ್ಲಿ, 1957ರ ಜುಲೈ 10ರಂದು: ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಹೀರಾಲಾಲ್ ಚೌಧುರಿಯವರು ಪ್ರಾಯದ ಗೆಂಡೆಗಳಿಗೆ ಚುಚ್ಚಿ, ನದಿಯಿಲ್ಲದೆಯೇ ಅವು ತತ್ತಿಯಿಡುವಂತೆ ಮಾಡಿದರು. ಈ ಪ್ರಯೋಗದಲ್ಲಿ ಕೆ. ಎಚ್. ಅಲಿಕುಂಞಿಯವರ ಸಹಕಾರವೂ ಸ್ಮರಣೀಯವಾದದ್ದು. ಜುಲೈ 10ನ್ನು ಇಂದು ದೇಶದಲ್ಲಿ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ಈಗ ಭದ್ರಾ ಯೋಜನೆಯ ಬಳಿಯಿರುವಂತಹ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಚುಚ್ಚುಮದ್ದಿನಿಂದ ಇಡಿಸಿದ ತತ್ತಿಗಳು ಹರಿಯುವ ನೀರಿನ ತೊಟ್ಟಿಗಳಲ್ಲಿ ಸುಮಾರು 15ರಿಂದ 20 ಗಂಟೆಗಳೊಳಗೆ ಮರಿಯಾಗಿ, ಬೆರಳುದ್ದ ಬೆಳೆದು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಊರೂರಿನ ಕೆರೆಗಳಿಗೆ ಪ್ರಯಾಣ ಮಾಡುತ್ತವೆ.

ನನ್ನ ಗಾಳಕ್ಕೆ ಸಿಕ್ಕಿದ ರೋಹು ಹೀಗೆ ಬಂದುದು. ಅದರ ತಾಯಿಯೂ ನದಿಯನ್ನು ಕಂಡದ್ದಲ್ಲ. ತೊಟ್ಟಿಯಲ್ಲಿ ಹುಟ್ಟಿ, ಚೀಲದಲ್ಲಿ ಬಂದು, ಕಟ್ಟಿದ ಕೆರೆಯಲ್ಲಿ ಬೆಳೆದ ಈ ಜೀವವು ಉತ್ತರೆಯ ಮಳೆ ಬಿದ್ದು ಹಳ್ಳದ ನೀರು ಮೈಯನ್ನು ಸೋಕಿದೊಡನೆ, ತಾನೆಂದೂ ಕಾಣದ ಪ್ರವಾಹವೊಂದರ ನಿರೀಕ್ಷೆಯಿಂದ, ಕೆನ್ನೀರಿಗೆ ಮುಖವೊಡ್ಡಿ ನಿಂತಿತ್ತು. ಆ ಹಳ್ಳವು ಎರಡು ದಿನ ಹರಿದು ಬತ್ತುವಂತಹುದು. ಅದರ ಮೇಲ್ಗಡೆ ಗದ್ದೆಗಳಿವೆಯೇ ಹೊರತು ಗಂಗೆಯಿಲ್ಲ. ಮನುಷ್ಯನು ಅದಕ್ಕೆ ಬದುಕನ್ನು ಕೊಟ್ಟು, ಬದುಕಿನ ಅರ್ಧ ಭಾಗವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಾನೆ. ಅದನ್ನು ಹಿಡಿದು ಮನೆಗೆ ಒಯ್ಯುವುದರಲ್ಲಿ, ಗುತ್ತಿಗೆದಾರರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆ, ನನಗೆ ಯಾವ ದೋಷವೂ ಕಾಣದು. ಅದರ ತತ್ತಿಗಳು ಆ ಕೆರೆಯಲ್ಲಿ ಹೇಗೂ ಒಡೆಯುವಂತಿರಲಿಲ್ಲ. ಆದರೂ ಅದು ಓಡಿದ ದಿಕ್ಕನ್ನು ನೆನೆದಾಗ ಮನಸ್ಸಿಗೆ ಒಂದು ಬಗೆಯ ಗೌರವವುಂಟಾಗುತ್ತದೆ.

ಸಾಮಾನ್ಯ ಗೆಂಡೆಯ ಕತೆ ಬೇರೆ. ಬಾಯಿಯ ಎರಡು ಕಡೆಯೂ ಜೋಡಿ ಮೀಸೆಗಳನ್ನು ಹೊತ್ತು ಹೊಂಬಣ್ಣದಿಂದ ಮೆರೆಯುವ ಈ ಮೀನು ಹೊರದೇಶಗಳಿಂದ ಬಂದುದು. ಅದರ ಒಂದು ತಳಿ 1939ರಲ್ಲಿ ನೀಲಗಿರಿಗೂ, ಈಗ ಬಯಲುಸೀಮೆಯಲ್ಲೆಲ್ಲ ಹರಡಿರುವ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದಲೂ ಬಂದವು. ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳು 1959ರಲ್ಲಿ ಹಿಂಬಾಲಿಸಿದವು. ಸಾಮಾನ್ಯ ಗೆಂಡೆಗೆ ನದಿ ಬೇಕಿಲ್ಲ. ನಿಂತ ನೀರಿನ ಜೊಂಡಿಗೇ ತನ್ನ ಅಂಟುತತ್ತಿಗಳನ್ನು ಅಂಟಿಸಿ ಅದು ಮರಿಮಾಡುತ್ತದೆ. ಸಾಕುವವನಿಗೆ ಇದು ಲಾಭವೆಂದು ತೋರಿದರೂ, ತಳವನ್ನು ಸದಾ ಕೆದಕಿ ಗಿಡಗಳನ್ನು ಕಿತ್ತು ನೀರನ್ನು ರಾಡಿಮಾಡುವ ಅದರ ಸ್ವಭಾವದಿಂದ ಇತರ ಮೀನುಗಳ ಮೊಟ್ಟೆಗಳಿಗೆ ನೆಲೆಯಿಲ್ಲದಂತಾಗುತ್ತದೆ. ಆಸ್ಟ್ರೇಲಿಯದ ಮರ್ರೆ ನದಿಯಲ್ಲಿ ಅದೊಂದು ದೊಡ್ಡ ಪಿಡುಗಾಗಿದೆ. ಜಗತ್ತಿನ ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಜೀವಜಾತಿಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ. ಗಾಳಕ್ಕೆ ಸಿಕ್ಕಿದ ಸಾಮಾನ್ಯ ಗೆಂಡೆಯನ್ನು ಮರಳಿ ನೀರಿಗೆ ಬಿಡಬೇಕೆಂದು ನಾನು ಯಾರಿಗೂ ಹೇಳಲಾರೆ.

ಗಾಳದ ವಿದ್ಯೆಯು ಪರದೇಶದಿಂದ ಬಂದ ಶೋಕಿಯೆಂದು ಭಾವಿಸುವವರುಂಟು. ಇಂಗ್ಲೆಂಡಿನಲ್ಲಿ ಐಜಾಕ್ ವಾಲ್ಟನ್ನನು 1653ರಲ್ಲಿ ಈ ವಿಷಯವನ್ನು ಕುರಿತು ಬರೆದ ಪುಸ್ತಕವು ಲೋಕಪ್ರಸಿದ್ಧವಾದುದು ನಿಜ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನು ಹಿಂದೂಸ್ಥಾನದ ಗಾಳದ ಬೇಟೆಯನ್ನು ಕುರಿತ ತನ್ನ ಗ್ರಂಥವನ್ನು ಮಂಗಳೂರಿನಲ್ಲಿ ಪ್ರಕಟಿಸಿದ್ದೂ 1873ರಷ್ಟು ಹಿಂದೆಯೇ. ಆದರೆ ಇವರೆಲ್ಲರಿಗಿಂತ ಶತಮಾನಗಳ ಮುಂಚೆ, 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಕಲ್ಯಾಣದಿಂದ ಕನ್ನಡನಾಡನ್ನು ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ. ಕಡಲಿನವು ಯಾವುವು, ಸಿಹಿನೀರಿನವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ಮೀನುಗಳನ್ನು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರವನ್ನು ಹಾಕಿ ಒಂದು ತಾಣಕ್ಕೆ ಪಳಗಿಸಬೇಕು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ದೊರೆಯು ಶ್ರದ್ಧೆಯಿಂದ ನಿರೂಪಿಸಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿ ಅದರತ್ತ ಲೋಕದ ಗಮನವನ್ನು ಸೆಳೆದರು. ರಾಗಿ ಹಿಟ್ಟಿಗೆ ಹಿಂಡಿಯನ್ನು ಬೆರೆಸಿ ನಾದುತ್ತ ಕೆರೆಯ ದಡದಲ್ಲಿ ಕುಳಿತ ನಮ್ಮ ಹಳ್ಳಿಯ ಹುಡುಗನಿಗೆ ಇಷ್ಟು ದೊಡ್ಡ ಪರಂಪರೆ ಹಿಂದಿದೆಯೆಂಬುದು ತಿಳಿದಿರುವುದು ಒಳ್ಳೆಯದು.

ಇನ್ನು ಬಿತ್ತದೆ ಬೆಳೆದ ಮೀನುಗಳ ಮಾತು. ಯಾರೂ ಹಣ ಕೊಟ್ಟು ತಂದು ಬಿಡದಿದ್ದರೂ ಪ್ರತಿ ಕೆರೆಯಲ್ಲಿಯೂ ತಾವಾಗಿಯೇ ಇರುವ ಪಕ್ಕೆ, ಕೊರವ, ಚೇಳುಮೀನು, ಹಾವುಮೀನುಗಳು ಈ ನಾಡಿನ ನೀರಿನ ಮೂಲನಿವಾಸಿಗಳು. ರೋಹುವಿಗೆ ಹಳ್ಳವು ವ್ಯರ್ಥವಾದ ಆಸೆಯಾದರೆ, ಪಕ್ಕೆಗಳಿಗೆ ಅದು ನಿಜವಾದ ದಾರಿ. ಹೊಸ ನೀರು ಬಂದ ರಾತ್ರಿ ಅವು ಹಿಂಡುಹಿಂಡಾಗಿ ಹಳ್ಳವನ್ನೂ ಕಾಲುವೆಯನ್ನೂ ಏರಿ, ತುಂಬಿದ ಗದ್ದೆಗಳ ಬದುವಿನ ಹುಲ್ಲಿನಲ್ಲಿ ತತ್ತಿಯಿಟ್ಟು ಹಿಂದಿರುಗುತ್ತವೆ. ಅದೇ ರಾತ್ರಿ, ಅದೇ ಇಕ್ಕಟ್ಟಾದ ದಾರಿಯಲ್ಲಿ, ಬಿದಿರಿನ ಕೂಳಿಗಳನ್ನು ಒಡ್ಡಿ ಏರುವವುಗಳನ್ನೆಲ್ಲ ಬುಟ್ಟಿಗಟ್ಟಲೆ ಹಿಡಿಯುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಹಿಂದೆ ಕೆರೆಗಳು ಹೆಚ್ಚಾಗಿ, ಕೂಳಿಗಳು ಕಡಮೆಯಾಗಿ, ಬಿದಿರಿನ ಸಂದುಗಳು ಅಗಲವಾಗಿ ಇದ್ದಾಗ ಇದರಿಂದ ಅಷ್ಟು ನಷ್ಟವಾಗುತ್ತಿರಲಿಲ್ಲ. ಈಗ ಬಿದಿರಿನ ಸ್ಥಾನದಲ್ಲಿ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆಗಳು ಬಂದಿವೆ. ಹಳ್ಳದ ಅಡ್ಡಕ್ಕೂ ಅವುಗಳನ್ನು ಕಟ್ಟಿದರೆ ಒಂದು ಊರಿನ ಕೆರೆಯ ಮುಂದಿನ ವರ್ಷದ ಮೀನೆಲ್ಲವೂ ಒಂದೇ ಇರುಳಿನಲ್ಲಿ ಮುಗಿದುಹೋಗುತ್ತದೆ. ಸಿಡಿಮದ್ದನ್ನೂ ವಿಷವನ್ನೂ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿದೆ; ಇಂತಹ ಬಲೆ ಮಾಡುವ ಹಾನಿಯೂ ಅದಕ್ಕಿಂತ ಕಡಮೆಯದೆಂದು ನನಗೆ ತೋರುವುದಿಲ್ಲ.

ಗುತ್ತಿಗೆದಾರರ ಕಷ್ಟವನ್ನೂ ಇಲ್ಲಿ ಹೇಳಬೇಕು. ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಹಬ್ಬ. ಗಂಗೆಗೆ ಬಾಗಿನವನ್ನು ಅರ್ಪಿಸುತ್ತಾರೆ. ಮೀನು ಬಿಟ್ಟವರಿಗಾದರೋ ಅದು ಎದೆ ನಡುಗುವ ಹೊತ್ತು: ಹಾಕಿದ ಬಂಡವಾಳವೆಲ್ಲ ಕೋಡಿಯ ನೀರಿನೊಡನೆ ಕೆಳಗಿನ ಕೆರೆಯ ಪಾಲಾಗುತ್ತದೆ. 2021 ಮತ್ತು 2022ರ ಮಳೆಗಾಲಗಳಲ್ಲಿ, ಬಹುಕಾಲ ತುಂಬದಿದ್ದ ಕೆರೆಗಳು ಜಿಲ್ಲೆಯಲ್ಲಿ ಒಂದಾದ ಮೇಲೊಂದರಂತೆ ಕೋಡಿ ಹರಿದಾಗ ಹೀಗೆ ನಷ್ಟವನ್ನು ಅನುಭವಿಸಿದವರು ಹಲವರು. ಅವರು ಕೋಡಿಗೆ ಬಲೆ ಕಟ್ಟುವುದನ್ನು ತಪ್ಪೆನ್ನಲಾಗದು. ಎರಡು ಕಿಲೋ ತೂಗುವ ಗೆಂಡೆಯನ್ನು ತಡೆಯಲು ಅಂಗೈಯಗಲದ ಕಣ್ಣಿನ ಬಲೆ ಸಾಕಾಗುತ್ತದೆ. ಅದರ ಮೂಲಕ ಪಕ್ಕೆಗಳು ಸರಾಗವಾಗಿ ಹೋಗಿಬರಬಲ್ಲವು. ಸಣ್ಣ ಕಣ್ಣಿನ ಬಲೆಯಾದರೋ ತರಗುಕಡ್ಡಿಗಳು ಸಿಕ್ಕಿಕೊಂಡು ನೀರಿನ ಒತ್ತಡಕ್ಕೆ ಹರಿದುಹೋಗಿ, ಗೆಂಡೆಯನ್ನೂ ಉಳಿಸುವುದಿಲ್ಲ.

ಗಾಳವನ್ನು ಹಿಡಿದು ಹಳ್ಳದ ಬಾಯಿಯಲ್ಲಿ ಕುಳಿತವನಿಗೂ ಮಳೆಯ ದಿನ ದೊಡ್ಡ ಮೀನಿನ ನಡುನಡುವೆ ಪಕ್ಕೆಗಳು ಸಿಕ್ಕುತ್ತವೆ. ಅವುಗಳ ಮೈಯ ಲೋಳೆ ಕಳಚದಂತೆ ಕೈಯನ್ನು ನೀರಿನಲ್ಲಿ ನೆನೆಸಿಕೊಂಡೇ ಹಿಡಿಯಬೇಕು. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಮನೆಯಲ್ಲಿಯೇ ಇಕ್ಕಳದಿಂದ ಅಮುಕಿ ಬಂದಿದ್ದರೆ ಬಾಯಿ ಹರಿಯದಂತೆ ಬಿಡಿಸುವುದು ಸುಲಭ. ಬಿಡುವಾಗ ಕೆರೆಯ ಕಡೆಗೆ ಎಸೆಯದೆ, ಹಳ್ಳದ ಅಂಚಿನ ನಿಧಾನವಾದ ನೀರಿನಲ್ಲಿ, ಹರಿವಿಗೆ ಮುಖ ಮಾಡಿ ಬಿಟ್ಟರೆ ಅವು ತಮ್ಮ ದಾರಿಯನ್ನು ತಾವೇ ಹಿಡಿಯುತ್ತವೆ. ಗದ್ದೆಯಲ್ಲಿ ಹುಟ್ಟಿದ ಮರಿಗಳು ಕೆರೆಗೆ ಇಳಿದುಬರುವವರೆಗೆ ಅಲ್ಲಿ ಕೀಟನಾಶಕವನ್ನು ಹೊಡೆಯದಿರುವಂತೆ, ಹೊಡೆಯಲೇಬೇಕಾದರೆ ಗದ್ದೆಯ ನೀರನ್ನು ಕಟ್ಟಿ ಹಳ್ಳಕ್ಕೆ ಬಿಡದಿರುವಂತೆ, ಮೇಲ್ಗಡೆಯ ರೈತರನ್ನು ಕೇಳಿಕೊಳ್ಳುವುದು ಗುತ್ತಿಗೆ ಹಿಡಿದವರಿಂದಲೂ ಪಂಚಾಯಿತಿಯವರಿಂದಲೂ ಆಗಬೇಕಾದ ಕೆಲಸ; ಉತ್ತರೆ ಕಳೆದು ಹಸ್ತ ಹುಟ್ಟುವುದರೊಳಗೆ ಆ ಮಾತನ್ನು ಆಡಿ ಮುಗಿಸಿದ್ದರೆ ಸಾಕು.